ಖಾತೆ ಮೇಷ್ಟ್ರು ಮತ್ತು ನನ್ನ ಆರು ಓಟು

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಈಗಿನ ಹೆಡ್‌ಮಾಸ್ಟರು ಫೋನ್ ಮಾಡಿದಾಗ ನಾನು ಮುಳಬಾಗಿಲಿನ ಬಸ್‌ಸ್ಟ್ಯಾಂಡಿನಲ್ಲೇ ಇದ್ದೆ. ಖಾತೆ ಮೇಷ್ಟ್ರ ವೈಕುಂಠ ಸಮಾರಾಧನೆ ಮುಗಿಸಿಕೊಂಡು ಬೆಂಗಳೂರಿನ ಬಸ್ಸಿಗೆ ಕಾಯುತ್ತಿದ್ದೆ. ಕೈಯಲ್ಲಿ ಅವರ ಸೊಸೆ ಕಟ್ಟಿಕೊಟ್ಟ ವಡೆಯ ಪೊಟ್ಟಣ. ಪೇಪರಿಗೆಲ್ಲ ಎಣ್ಣೆ ಹತ್ತಿತ್ತು. ಇನ್ನೇನು ಬರೆಯಲಿ, ಅವರ ಬಗ್ಗೆಯೇ ಬರೆಯುತ್ತೇನೆ ಅಂದೆ.

ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ನಮಗೆ ಅವರು ಖಾತೆ ಮೇಷ್ಟ್ರು. ಏನು ಕೇಳಿದರೂ "ಅದು ಬೇರೆ ಖಾತೆ ಕಣಪ್ಪಾ" ಅನ್ನುತ್ತಿದ್ದರು. 1982ರಿಂದ 85ರವರೆಗೆ, ಎಂಟನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ, ನಮಗೆ ಸಮಾಜ ಪಾಠ ಮಾಡಿದವರು ಅವರೇ. ಪೌರನೀತಿ ಪುಸ್ತಕದಲ್ಲಿ ಏನಿತ್ತು ಅಂತ ಈಗ ಕೇಳಿದರೆ ಒಂದು ಸಾಲೂ ಬರುವುದಿಲ್ಲ. ಆದರೆ ಅವರು ನಶ್ಯ ಏರಿಸುತ್ತಿದ್ದ ರೀತಿ ಕಣ್ಣಿಗೆ ಕಟ್ಟಿದ ಹಾಗಿದೆ. ವಾಕ್ಯದ ನಡುವೆ ನಿಲ್ಲಿಸೋರು. ಜೇಬಿನಿಂದ ಡಬ್ಬಿ ತೆಗೆದು ಮುಚ್ಚಳದ ಮೇಲೆ ಎರಡು ಸಲ ಬೆರಳಲ್ಲಿ ಕುಟ್ಟೋರು. ಒಂದು ಚಿಟಿಕೆ. ಆಮೇಲೆ ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ಬಿಟ್ಟ ಪದದಿಂದಲೇ ಸರಿಯಾಗಿ ಶುರು ಮಾಡೋರು. ಅಲ್ಲಿಯವರೆಗೆ ನಲವತ್ತಮೂರು ಮಕ್ಕಳು ಉಸಿರು ಹಿಡಿದು ಕೂತಿರುತ್ತಿದ್ದೆವು. ಅಷ್ಟು ನಿಶ್ಶಬ್ದ ನಾನು ಆಮೇಲೆ ಯಾವ ಮೀಟಿಂಗಿನಲ್ಲೂ ಕಂಡಿಲ್ಲ.

ಬೆಳಿಗ್ಗೆ ಆಂಜನೇಯಸ್ವಾಮಿ ಗುಡಿಗೆ ಹೋಗದೆ ಅವರು ಶಾಲೆಗೆ ಬಂದವರಲ್ಲ. ಹಣೆಯ ಮೇಲೆ ಗಂಧ ಇನ್ನೂ ಹಸಿಯಾಗಿರುತ್ತಿತ್ತು. ಅದೇ ಮನುಷ್ಯ ಎಚ್. ನರಸಿಂಹಯ್ಯನವರ ವಿಷಯ ಬಂದರೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅವರ ತಾಲ್ಲೂಕು ಗೌರಿಬಿದನೂರು ಆಗ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು, ಹಾಗಾಗಿ ಎಚ್ಚೆನ್ ನಮ್ಮವರು ಅನ್ನುವ ಹೆಮ್ಮೆ ಬೇರೆ. 1976ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದ್ದರಲ್ಲ, ಅದನ್ನು ಮೇಷ್ಟ್ರು ಕಥೆಯ ಹಾಗೆ ಹೇಳೋರು. ಒಂದು ದಿನ ಯಾರೋ ಕೇಳಿಯೇಬಿಟ್ಟ: "ಸಾರ್, ನೀವು ದಿನಾ ಗುಡಿಗೆ ಹೋಗ್ತೀರಿ, ಮತ್ತೆ ಇವರನ್ನೂ ಹೊಗಳ್ತೀರಲ್ಲ?" ಮೇಷ್ಟ್ರು ಡಬ್ಬಿ ತೆಗೆದರು, ಕುಟ್ಟಿದರು. "ಅದು ಬೇರೆ ಖಾತೆ. ಗುಡಿಗೆ ಹೋಗೋದು ನನ್ನ ಸಮಾಧಾನಕ್ಕೆ. ಪ್ರಶ್ನೆ ಕೇಳೋದು ನಾನು ಮೋಸ ಹೋಗದೆ ಇರೋದಕ್ಕೆ." ನಮಗೆ ಅರ್ಥ ಆಗಲಿಲ್ಲ. ಗಂಟೆ ಹೊಡೆಯಿತು.

ಲೆಕ್ಕದ ಮೇಷ್ಟ್ರನ್ನೂ ಇಲ್ಲಿ ನೆನೆಯಬೇಕು. ಹೈದರ್ ವಲಿ ದರ್ಗಾದ ಉರುಸು ಬಂದರೆ ಸ್ಟಾಫ್ ರೂಮಿಗೆ ಸಿಹಿ ತರುತ್ತಿದ್ದವರು ಅವರು. ಪರೀಕ್ಷೆ ಹೊತ್ತಿಗೆ ನಮ್ಮ ಹುಡುಗರ ಬಲಗೈಯಲ್ಲಿ ಆಂಜನೇಯನ ದಾರ, ಎಡಗೈಯಲ್ಲಿ ದರ್ಗಾದ ದಾರ. ಎರಡನ್ನೂ ಎತ್ತಿ ನೋಡಿ, "ಇಬ್ಬರೂ ಒಟ್ಟಿಗೆ ಬಂದರೂ ಬೀಜಗಣಿತ ನೀನೇ ಮಾಡಬೇಕಲ್ಲೋ" ಅಂತ ಮೆಲ್ಲಗೆ ಕಿವಿ ಹಿಂಡುತ್ತಿದ್ದರು. ಅವರೂ ಈಗ ಇಲ್ಲ.

ಈಗ ನನ್ನ ಪ್ರತಾಪಕ್ಕೆ ಬರುತ್ತೇನೆ.

1983ರ ಜನವರಿ. ವಿಧಾನಸಭೆ ಚುನಾವಣೆ. ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ ಸೋತು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದದ್ದು ಆಗಲೇ. ಓಟಿಗೆ ಎರಡು ದಿನ ಮುಂಚೆ ರಾತ್ರಿ ನಮ್ಮ ಮನೆಗೆ ಇಬ್ಬರು ಬಂದರು. ಯಾವ ಪಕ್ಷ ಅಂತ ಈಗ ಬೇಡ. ಒಬ್ಬನ ಕೈಯಲ್ಲಿ ತಟ್ಟೆ, ಅದರಲ್ಲಿ ದೇವರ ಪಟ, ಅರಿಸಿನ, ಕುಂಕುಮ, ಎಲೆಯಡಿಕೆ. ಇನ್ನೊಬ್ಬನ ಕೈಯಲ್ಲಿ ಟಾರ್ಚು. ನಮ್ಮ ಕಡೆ ಅಜ್ಜಿಯನ್ನು ಅವ್ವ ಅನ್ನುತ್ತೇವೆ. ಅವ್ವನ ಕೈಗೆ ಹತ್ತು ರೂಪಾಯಿ ಕೊಟ್ಟು, ಪಟ ಮುಟ್ಟಿಸಿ ಆಣೆ ಮಾಡಿಸಿಕೊಂಡರು. ಟಾರ್ಚಿನ ಬೆಳಕು ಪಟದ ಗಾಜಿನ ಮೇಲೆ ಬಿದ್ದು ದೇವರ ಮುಖವೇ ಕಾಣುತ್ತಿರಲಿಲ್ಲ. ಅವರು ಹೋದ ಮೇಲೆ ಅವ್ವ ಆ ಹತ್ತರಲ್ಲಿ ನನಗೆ ಎರಡು ರೂಪಾಯಿ ಕೊಟ್ಟಳು.

ಇದೇ ತಿಂಗಳಲ್ಲಿ ನಮ್ಮ ಕ್ಲಾಸ್ ಲೀಡರಿನ ಅಪ್ಪನಿಗೆ ಟ್ರಾನ್ಸ್‌ಫರ್ ಆಯಿತು. ಬೈ ಎಲೆಕ್ಷನ್! ನಾನು ನಿಂತೆ. ಎದುರಿಗೆ ಆವಣಿ ಕಡೆಯಿಂದ ನಡೆದು ಬರುತ್ತಿದ್ದ ಒಬ್ಬಳು ಹುಡುಗಿ. ಅವಳು ಓದಿನಲ್ಲಿ ನನಗಿಂತ ಮುಂದು, ಮಾತಿನಲ್ಲಿ ಹಿಂದು. ಅವ್ವ ಕೊಟ್ಟ ದುಡ್ಡಲ್ಲಿ ಒಂದೂವರೆ ರೂಪಾಯಿಗೆ ಮೂವತ್ತು ಕಡಲೆ ಮಿಠಾಯಿ ತಂದೆ. ಕುರುಡುಮಲೆ ಗಣಪತಿಯ ಕುಂಕುಮ ಮನೆಯಲ್ಲಿತ್ತು. ನಮ್ಮ ಕಡೆ ಯಾವ ಕೆಲಸ ಶುರು ಮಾಡಿದರೂ ಮೊದಲು ಆ ಗಣಪತಿಯೇ ತಾನೆ. ಶಾಲೆಯ ಹಿಂದೆ ಮುರಿದ ಬೆಂಚು ಹಾಕಿದ್ದ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕರೆದು, ಕುಂಕುಮದ ಪೊಟ್ಟಣದ ಮೇಲೆ ಕೈ ಇಡಿಸಿ, ಮಾತು ತಪ್ಪಿದರೆ ಕಣ್ಣು ಹೋಗುತ್ತೆ ಅಂತ ಹೇಳಿಸಿ, ಮಿಠಾಯಿ ಕೊಟ್ಟೆ. ಕಣ್ಣಿನ ಮಾತು ನನ್ನ ಸ್ವಂತ ಸೇರ್ಪಡೆ. ನನಗೆ ಇಪ್ಪತ್ತೊಂಬತ್ತು ಓಟು, ಅವಳಿಗೆ ಹದಿನಾಲ್ಕು. ನನ್ನ ಓಟೂ ಸೇರಿ ಮೂವತ್ತೊಂದು ಬರಬೇಕಿತ್ತು. ಇಬ್ಬರು ಮಿಠಾಯಿ ತಿಂದೂ ಕೈಕೊಟ್ಟಿದ್ದರು.

ಮೂರನೇ ದಿನ ಆ ಇಬ್ಬರಲ್ಲಿ ಒಬ್ಬನಿಗೆ ಜ್ವರ ಬಂತು. ಅವನ ತಾಯಿ ಅವನಿಗೆ ಕಂಬಳಿ ಹೊದಿಸಿಕೊಂಡು ಶಾಲೆಗೇ ಕರೆತಂದರು. ಪಾಠದ ಮಧ್ಯೆ ಬಾಗಿಲಲ್ಲಿ ನಿಂತು, "ಸ್ವಾಮೀ, ಇರೋನು ಒಬ್ಬನೇ ಮಗ, ಆಣೆ ವಾಪಸ್ ತಗೊಳ್ಳೋಕೆ ಹೇಳಿ" ಅಂತ ಅಳತೊಡಗಿದರು. ಹಿಂದಿನ ಸಾಲಿನಲ್ಲಿ ಇನ್ನೊಬ್ಬನೂ ಬಿಕ್ಕತೊಡಗಿದ. ಅಲ್ಲಿಗೆ ಎಲ್ಲ ಬಯಲಾಯಿತು.

ಕೋಲು ಎತ್ತುತ್ತಾರೆ ಅಂದುಕೊಂಡೆ. ಮೇಷ್ಟ್ರು ಕುರ್ಚಿ ಎಳೆದು ಆ ತಾಯಿಯನ್ನು ಕೂರಿಸಿದರು. ಹುಡುಗನ ಹಣೆ ಮುಟ್ಟಿ ನೋಡಿದರು. ಆಣೆ ಗೀಣೆ ಎಲ್ಲ ಸುಳ್ಳು ಅಂತ ಅವರು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಕಡೆ ತಿರುಗಿ, "ಇದನ್ನ ಎಲ್ಲಿ ಕಲಿತೆ?" ಅಂದರು. ತಟ್ಟೆ, ಟಾರ್ಚು, ಹತ್ತು ರೂಪಾಯಿ ಎಲ್ಲ ಹೇಳಿದೆ. "ಮತ್ತೆ ನಿಮ್ಮವ್ವ ಅವರಿಗೇ ಹಾಕಿದರಾ?" "ಇಲ್ಲ ಸಾರ್. ತನಗೆ ಬೇಕಾದವರಿಗೆ ಹಾಕಿ, ಆಂಜನೇಯನ ಹುಂಡಿಗೆ ಒಂದು ರೂಪಾಯಿ ತಪ್ಪು ಕಾಣಿಕೆ ಹಾಕಿ ಬಂದಳು."

ಮೇಷ್ಟ್ರು ಅಷ್ಟು ಜೋರಾಗಿ ನಕ್ಕಿದ್ದು ನಾನು ಅದೊಂದೇ ಸಲ ನೋಡಿದ್ದು. ನಶ್ಯದ ಡಬ್ಬಿ ಕೆಳಗೆ ಬಿತ್ತು.

ಭಾನುವಾರ ಬೆಳಿಗ್ಗೆ ಮೆರವಣಿಗೆ ಹೊರಟಿತು. ಮಿಠಾಯಿ ತಿಂದವರೆಲ್ಲ ತಲೆಗೆ ಐದು ಪೈಸೆ, ನಾನು ಒಂದು ರೂಪಾಯಿ. ಕುರುಡುಮಲೆಗೆ ಎಂಟು ಹತ್ತು ಕಿಲೋಮೀಟರ್ ನಡಿಗೆ. ಮೇಷ್ಟ್ರು ಸೈಕಲ್ ತಳ್ಳಿಕೊಂಡು ಜೊತೆಗೇ ನಡೆದರು, ಜ್ವರ ಬಿಟ್ಟ ಹುಡುಗ ಕ್ಯಾರಿಯರ್ ಮೇಲೆ. ಗರ್ಭಗುಡಿಯ ಕತ್ತಲಲ್ಲಿ ಹದಿಮೂರೂವರೆ ಅಡಿಯ ಏಕಶಿಲೆ ಗಣಪತಿ. ಎದುರಿಗೆ ನಿಂತರೆ ಮೊದಲು ಹೊಟ್ಟೆ ಕಾಣುತ್ತೆ, ಮುಖಕ್ಕೆ ಕತ್ತು ಎತ್ತಬೇಕು. ಒಬ್ಬೊಬ್ಬರೇ ಕಾಸು ಹಾಕಿ "ತಪ್ಪಾಯ್ತು" ಅಂದೆವು. ಮೇಷ್ಟ್ರೂ ಒಂದು ರೂಪಾಯಿ ಹಾಕಿದರು. "ನೀವ್ಯಾಕೆ ಸಾರ್?" ಅಂದೆ. "ನಾನು ಪೌರನೀತಿ ಪಾಠ ಮಾಡಿದ್ದೀನಲ್ಲಪ್ಪ, ಅದಕ್ಕೆ" ಅಂದರು.

ಸೋಮವಾರ ಮರುಚುನಾವಣೆ. ಲೆಕ್ಕದ ಮೇಷ್ಟ್ರೇ ಚೀಟಿ ಎಣಿಸಿದರು. ನನಗೆ ಆರು, ಅವಳಿಗೆ ಮೂವತ್ತೇಳು.

ಆ ಗಣಪತಿಯ ಮುಂದೆ ಈಗ ಕಾರುಗಳ ಸಾಲು. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಪಾಂಚಜನ್ಯ ಯಾತ್ರೆ ಅಲ್ಲಿಂದ ಹೊರಟು, ಅವರು ಮುಖ್ಯಮಂತ್ರಿಯೂ ಆದ ಮೇಲಂತೂ ಎಲ್ಲ ಪಕ್ಷದವರಿಗೂ ಕುರುಡುಮಲೆಯೇ ಬೇಕು. ಮೇಷ್ಟ್ರು ರಿಟೈರ್ ಆದ ಮೇಲೆ ಒಮ್ಮೆ ಅವರ ಜೊತೆ ಹೋಗಿದ್ದೆ. ಧ್ವನಿವರ್ಧಕದ ಗಲಾಟೆಯಲ್ಲಿ ನನ್ನ ಕಿವಿಗೆ ಬಾಯಿ ಇಟ್ಟು, "ಎಲ್ಲರೂ ಇಲ್ಲಿಂದಲೇ ಹೊರಡ್ತಾರೆ, ಗೆದ್ದವನ ಹೆಸರು ಮಾತ್ರ ಹೇಳ್ತಾರೆ. ಸೋತವರು ಯಾವ ಗಣಪತಿಗೆ ಹೋಗಿದ್ದರಂತೆ?" ಅಂದರು.

ಇನ್ನೊಂದು ಹೇಳದಿದ್ದರೆ ಮೇಷ್ಟ್ರಿಗೆ ಮೋಸ ಮಾಡಿದ ಹಾಗೆ. 1985ರ ಮಾರ್ಚ್, ನಮಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ತಲೆಯ ಮೇಲೆ. ಬೋರ್ಡಿನ ಮೇಲೆ ನಾಲ್ಕು ಅಂಕಿ ಬರೆದರು. ಡಿಸೆಂಬರಿನ ಲೋಕಸಭೆ: ಕಾಂಗ್ರೆಸ್ 24, ಜನತಾ 4. ಸೋತಿದ್ದಕ್ಕೆ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. ಮಾರ್ಚಿನ ವಿಧಾನಸಭೆ: ಜನತಾ 139, ಕಾಂಗ್ರೆಸ್ 65. "ಮೂರು ತಿಂಗಳೂ ಆಗಿಲ್ಲ. ಅದೇ ರಾಜ್ಯ, ಅದೇ ಜನ. ಯಾಕೆ ಹೀಗೆ? ಮನೆಯಲ್ಲಿ ದೊಡ್ಡವರನ್ನ ಕೇಳಿ ಬರೆದುಕೊಂಡು ಬನ್ನಿ. ಯಾರಿಗೆ ಹಾಕಿದಿರಿ ಅಂತ ಕೇಳಬೇಡಿ, ಏನು ಯೋಚನೆ ಮಾಡಿ ಹಾಕಿದಿರಿ ಅಂತ ಕೇಳಿ." ಪರೀಕ್ಷೆಗೆ ಬರದ ಪ್ರಶ್ನೆ ಅಂತ ಅರ್ಧ ಕ್ಲಾಸು ಬರೆಯಲೇ ಇಲ್ಲ. ನಾನು ಬರೆದೆ.

ಅವ್ವ ರಾಗಿ ಕೇರುತ್ತಿದ್ದಳು. ಮೊರದ ಸದ್ದು ನಿಲ್ಲಿಸದೆಯೇ ತೆಲುಗಿನಲ್ಲಿ ಹೇಳಿದಳು. ಮೊದಲನೇದು ಸಾವಿನ ಮನೆ ಓಟು, ಆ ಯಮ್ಮನ್ನ ಮನೆ ಕಾಯೋರೇ ಗುಂಡು ಹೊಡೆದು ಸಾಯಿಸಿದರಲ್ಲ, ಮಗ ತಾಯಿ ಕಳಕೊಂಡು ನಿಂತಿದ್ದ, ಸಾವಿಗೆ ಹೋದ ಹಾಗೆ ಹೋಗಿ ಬಂದೆ. ಎರಡನೇದು ನೀರಿನ ಓಟು, ನೀರ್ ಸಾಬರು ಬೋರ್ ಹಾಕಿಸಿದರಲ್ಲ. ಇಷ್ಟೇ. ಆ ಯಮ್ಮ ಅಂದರೆ ಇಂದಿರಾ ಗಾಂಧಿ. ನೀರ್ ಸಾಬ್ ಅಂದರೆ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕುಡಿಯುವ ನೀರಿನ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಇಟ್ಟ ಹೆಸರು. ನಮ್ಮಂಥ ಒಣ ಜಿಲ್ಲೆಯಲ್ಲಿ ಅದಕ್ಕಿಂತ ದೊಡ್ಡ ಬಿರುದು ಇಲ್ಲ.

ಒಂದು ಮಾತು ಮುಚ್ಚಿಡಬಾರದು. ನಮ್ಮವ್ವ ಸಾಬರ ಮನೆಯಲ್ಲಿ ನೀರು ಕುಡಿಯುತ್ತಿದ್ದವಳಲ್ಲ. ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬರುತ್ತಿದ್ದಳು, ಪಕ್ಕದ ಮನೆಯಲ್ಲಿ ಲೋಟ ಮುಟ್ಟುತ್ತಿರಲಿಲ್ಲ. ಅದನ್ನೂ ಬರೆದುಕೊಂಡು ಹೋಗಿದ್ದೆ. ಮೇಷ್ಟ್ರು ಓದಿದರು. ಡಬ್ಬಿ ತೆಗೆದರು, ಕುಟ್ಟಿದರು, ಆದರೆ ನಶ್ಯ ಏರಿಸಲಿಲ್ಲ. ಹಾಗೇ ಜೇಬಿಗೆ ಹಾಕಿಕೊಂಡು ನೋಟ್‌ಬುಕ್ ವಾಪಸ್ ಕೊಟ್ಟರು. ಬೇರೆ ಖಾತೆ ಅಂತ ಅವತ್ತು ಅನ್ನಲಿಲ್ಲ.

ನಾನು ಕಂದಾಯ ಇಲಾಖೆ ಸೇರಿ, ಹನ್ನೊಂದು ಚುನಾವಣೆಗೆ ಡ್ಯೂಟಿ ಮಾಡಿದ್ದೇನೆ, ಏಳರಲ್ಲಿ ಪ್ರಿಸೈಡಿಂಗ್ ಆಫೀಸರ್. ನನ್ನ ಬೂತಿನಲ್ಲಿ ಒಂದು ಸಲವೂ ಮರುಮತದಾನ ಆಗಿಲ್ಲ. ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುತ್ತಿಲ್ಲ. 1951ರ ಜನಪ್ರಾತಿನಿಧ್ಯ ಕಾಯ್ದೆ ಓದಿಕೊಂಡಾಗ 123ನೇ ಕಲಮಿನಲ್ಲಿ ನಿಂತುಬಿಟ್ಟೆ. ದೇವರ ಸಿಟ್ಟಿಗೆ ಗುರಿಯಾಗುತ್ತೀಯ ಅಂತ ಮತದಾರನನ್ನು ನಂಬಿಸಹೊರಡುವುದೂ ಚುನಾವಣಾ ಭ್ರಷ್ಟಾಚಾರ ಅಂತ ಅಲ್ಲಿ ಕಪ್ಪು ಅಕ್ಷರದಲ್ಲಿದೆ. ಎಂಟನೇ ಕ್ಲಾಸಿನಲ್ಲೇ ನಾನು ಕೇಂದ್ರ ಕಾಯ್ದೆ ಮುರಿದಿದ್ದೆ!

ಒಂದು ಹಳ್ಳಿಯ ಬೂತಿನಲ್ಲಿ ಒಬ್ಬ ಮುದುಕಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಹಾಗೆ ಬಿಟ್ಟು ಬರುವವರು ಬಹಳ ಜನ. ಮತಯಂತ್ರಕ್ಕೆ ಕೈಮುಗಿಯುವವರೂ ಇದ್ದಾರೆ. ಬೆರಳಿಗೆ ಶಾಯಿ ಹಾಕಿಸಿಕೊಂಡವರು ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ, "ಆಣೆ ಮಾಡಿಬಿಟ್ಟಿದ್ದೀನಿ ಸ್ವಾಮೀ, ಏನು ಮಾಡಲಿ?" ಅಂದರು. ಏಜೆಂಟರು ನನ್ನ ಬಾಯನ್ನೇ ನೋಡುತ್ತಿದ್ದರು. "ಮುಂದೆ ನಡೀರಿ ಅಮ್ಮ" ಅಂದೆ. ತಪ್ಪು ಕಾಣಿಕೆಯ ವಿಷಯ ಹೇಳಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು. ನಿಯಮ ಅಡ್ಡ ಬಂತು. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದಾಗ, "ಬಿಡಪ್ಪ, ಆಕೆಗೆ ಗೊತ್ತಿರುತ್ತೆ" ಅಂದರು.

ಈಗಿನ ಶಾಲೆಗಳ ಬಗ್ಗೆ ಜಾಸ್ತಿ ಮಾತಾಡಿದರೆ ವಯಸ್ಸಾಯಿತು ಅನ್ನುತ್ತಾರೆ. ನನ್ನ ಮೊಮ್ಮಗಳ ಕ್ಲಾಸಿನಲ್ಲಿ ಮಾರ್ಕ್ಸ್ ನೋಡಿ ಲೀಡರ್ ಮಾಡುತ್ತಾರಂತೆ. ಮೌಲ್ಯ ಶಿಕ್ಷಣಕ್ಕೆ ಬಣ್ಣದ ಪುಸ್ತಕ ಬೇರೆ ಇದೆ, ಅದಕ್ಕೆ ಪರೀಕ್ಷೆಯೂ ಇದೆ. ಮೇಷ್ಟ್ರುಗಳಾದರೂ ಏನು ಮಾಡಿಯಾರು, ಅರ್ಧ ದಿನ ಕಂಪ್ಯೂಟರಿಗೆ ಮಾಹಿತಿ ತುಂಬುವುದರಲ್ಲೇ ಹೋಗುತ್ತೆ. ಮೂವತ್ತು ಮಕ್ಕಳನ್ನು ನಡೆಸಿಕೊಂಡು ಕುರುಡುಮಲೆಗೆ ಹೋಗಬೇಕಾದರೆ ಈಗ ಎಷ್ಟು ಸಹಿ ಬೇಕೋ.

ಸಮಾರಾಧನೆಯ ಊಟಕ್ಕೆ ನಮ್ಮ ಬ್ಯಾಚಿನವರು ಹದಿನೇಳು ಜನ ಸೇರಿದ್ದೆವು. ಆವಣಿಯ ಹುಡುಗಿಯೂ ಬಂದಿದ್ದಳು. ಒಂದು ಅವಧಿಗೆ ಗ್ರಾಮ ಪಂಚಾಯಿತಿ ಅಧ್ಯಕ್ಷೆ ಆಗಿದ್ದವಳು, ಈಗ ಮಾತಿನಲ್ಲೂ ನನ್ನನ್ನು ಮೀರಿಸುತ್ತಾಳೆ. ಎಲೆಯ ಮುಂದೆ ಕೂತು ಮಾತು ಅಲ್ಲಿಗೇ ಬಂತು. ನನಗೆ ಬಿದ್ದ ಆರು ಓಟು ಯಾರದಿರಬಹುದು ಅಂತ ನಲವತ್ತು ವರ್ಷ ತಲೆ ಕೆಡಿಸಿಕೊಂಡಿದ್ದೇನೆ ಅಂದೆ. ಆರರಲ್ಲಿ ಒಂದು ನನ್ನದೇ, ಉಳಿದದ್ದು ಐದು.

"ಒಂದು ನಂದೇ ಕಣೋ" ಅಂದ ಟೊಮೆಟೊ ಮಂಡಿಯವನು. "ನಂದೂ" ಅಂದ ಪಕ್ಕದವನು. ಕಂಬಳಿ ಹೊದ್ದು ಬಂದಿದ್ದವನೂ ಕೈ ಎತ್ತಿದ. ಸಾರು ಬಡಿಸುವ ಹೊತ್ತಿಗೆ ಐದು ಓಟಿಗೆ ಹನ್ನೊಂದು ಜನ ವಾರಸುದಾರರು. ನಾನು ಆವಣಿಯವಳ ಕಡೆ ನೋಡಿದೆ. ಅವಳು ಅನ್ನ ಕಲಸುತ್ತಾ ತಲೆ ಎತ್ತದೆ ಹೇಳಿದಳು:

"ನಾನೂ ನಿಂಗೇ ಹಾಕಿದ್ದೆ. ನನಗೆ ನಾನೇ ಹೇಗೆ ಹಾಕ್ಕೊಳ್ಳೋದು ಅಂತ ನಾಚಿಕೆ ಆಯ್ತು."