ಮುರಿದ ನಿಶ್ಚಿತಾರ್ಥದ ಬಾಕಿ ಲೆಕ್ಕ

ಮದುವೆ ಮುರಿದುಬಿದ್ದರೆ ಕೆಲವೊಮ್ಮೆ ಹುಡುಗಿಯ ಸೋದರಮಾವನಿಗಿಂತ ಮೊದಲು ಛತ್ರದವರಿಗೆ ಗೊತ್ತಾಗುತ್ತದೆ. ಬಸವನಗುಡಿಯ ಒಂದು ಛತ್ರದಲ್ಲಿ ಬುಕಿಂಗ್ ನೋಡಿಕೊಳ್ಳುವವನು ನಾನು. ಫೋನಿನಲ್ಲಿ ಯಾರೂ ‘ಮುರೀತು’ ಅನ್ನುವುದಿಲ್ಲ. ‘ಸ್ವಲ್ಪ ಮುಂದಕ್ಕೆ ಹಾಕಿದೀವಿ ಸಾರ್, ಆ ಅಡ್ವಾನ್ಸು...’ ಅಂತ ಎಳೆಯುತ್ತಾರೆ. ಅಷ್ಟೊತ್ತಿಗೆ ಅಡುಗೆಯವರು ಅದೇ ಮುಹೂರ್ತಕ್ಕೆ ಬಂದ ಇನ್ನೊಂದು ಮದುವೆ ಬಿಟ್ಟಿರುತ್ತಾರೆ, ವಾಲಗದವರು ವೀಳ್ಯ ತಗೊಂಡಿರುತ್ತಾರೆ, ಲಗ್ನಪತ್ರಿಕೆ ಅಚ್ಚಾಗಿರುತ್ತದೆ. ಹುಡುಗ-ಹುಡುಗಿಯ ಮನಸ್ಸಿನ ವಿಚಾರ ನನ್ನ ಮೇಜಿನ ತನಕ ಬರುವುದೇ ಇಲ್ಲ. ಯಾರಿಂದ ಯಾರಿಗೆ ಎಷ್ಟು ಬರಬೇಕು ಅನ್ನುವುದು ಮಾತ್ರ ಬರುತ್ತದೆ.

ಈ ಕಣ್ಣಿಟ್ಟುಕೊಂಡು ಫ್ಯಾಂಟಸಿ ಕಾದಂಬರಿ ಓದಬಾರದು ಅಂತ ನನ್ನ ಅಕ್ಕನ ಮಗಳ ತಕರಾರು. ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ ದಪ್ಪ ದಪ್ಪ ಪುಸ್ತಕಗಳನ್ನು ಚರ್ಚ್ ಸ್ಟ್ರೀಟಿನಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದು ನನಗೆ ಅಂಟಿಸಿದವಳು ಅವಳೇ. ಆಷಾಢದಲ್ಲಿ ಛತ್ರ ಖಾಲಿ, ಓದಲು ಹೊತ್ತು ಬೇಕಾದಷ್ಟು.

ಅವನ್ನೇ ಟೀವಿಯಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಅಂತ ನೋಡಿದವರಿಗೂ ರಾಬ್ ಸ್ಟಾರ್ಕ್ ಕಥೆ ಗೊತ್ತು. ಯುದ್ಧಕ್ಕೆ ಹೊರಟ ಹುಡುಗನಿಗೆ ನದಿ ದಾಟಬೇಕು, ಸೇತುವೆ ಮುದುಕ ವಾಲ್ಡರ್ ಫ್ರೇ ಕೈಯಲ್ಲಿದೆ. ಮುದುಕ ಕೇಳಿದ್ದು ಸಂಬಂಧ: ನಮ್ಮ ಮನೆಯ ಒಬ್ಬಳು ಹುಡುಗಿಯನ್ನು ನೀನು ಮದುವೆಯಾಗಬೇಕು, ನಿನ್ನ ತಂಗಿ ಆರ್ಯಾಳನ್ನು ನಮ್ಮ ಕಿರಿಮಗನಿಗೆ ಕೊಡಬೇಕು. ತಾಯಿ ಕ್ಯಾಟ್ಲಿನ್ ಕೂತು ಮಾತುಕತೆ ಮುಗಿಸಿದಳು. ಸೈನ್ಯ ನದಿ ದಾಟಿತು. 2000ದಲ್ಲಿ ಬಂದ ಮೂರನೆಯ ಸಂಪುಟದಲ್ಲಿ ರಾಬ್ ಬೇರೆ ಹುಡುಗಿಯನ್ನು, ಜೇನ್ ವೆಸ್ಟರ್ಲಿಂಗಳನ್ನು, ಕಟ್ಟಿಕೊಂಡು ಬರುತ್ತಾನೆ. ಆಗ ತಾಯಿ ಕೇಳುವುದು ಅವಳ ರೂಪ, ಗುಣ ಅಲ್ಲ. ಅವಳ ಜೊತೆ ಎಷ್ಟು ಕತ್ತಿ ಬರುತ್ತವೆ ಅಂತ. ಐವತ್ತು. ಫ್ರೇ ಕೊಟ್ಟಿದ್ದು ಸಾವಿರ ಕುದುರೆ ಸವಾರರು, ಹೆಚ್ಚುಕಡಿಮೆ ಮೂರು ಸಾವಿರ ಕಾಲಾಳು.

ನಾನು ಓದು ನಿಲ್ಲಿಸಿ ಪೆನ್ಸಿಲ್ಲಿನಲ್ಲಿ ಅಂಚಿಗೆ ಗೀಟು ಹಾಕಿದ್ದು ಇಲ್ಲೇ. ಈ ನಿಶ್ಚಿತಾರ್ಥದಲ್ಲಿ ಒಂದು ಕಡೆಯವರು ಕೊಡಬೇಕಾದ್ದನ್ನೆಲ್ಲ ಮುಂಗಡವಾಗಿ ಕೊಟ್ಟಾಗಿದೆ: ಸೇತುವೆ, ಸೈನ್ಯ ಎಲ್ಲ. ದಾಟಿದ ನದಿಯನ್ನು ವಾಪಸು ಕೊಡುವುದು ಹೇಗೆ? ಇನ್ನೊಂದು ವಿಷಯ, ಫ್ರೇ ಮನೆಯಲ್ಲಿ ಯಾವ ಹುಡುಗಿಯನ್ನು ಆರಿಸಬೇಕು ಅಂತ ರಾಬ್ ಇನ್ನೂ ತೀರ್ಮಾನಿಸಿಯೇ ಇರಲಿಲ್ಲ. ಅಂದರೆ ಮನಸ್ಸು ಮುರಿದುಕೊಂಡ ಹುಡುಗಿ ಅಂತ ಒಬ್ಬಳಿಲ್ಲ. ಮುಖಭಂಗವಾಗಿದ್ದು ಮುದುಕನಿಗೆ. ಸೋದರಮಾವ ಎಡ್ಮ್ಯೂರ್‌ನನ್ನು ಬದಲಿ ವರನಾಗಿ ಕೊಟ್ಟು ಮುಗಿಸೋಣ ಅಂತ ಹೋದವರಿಗೆ ಆ ಮದುವೆಯ ಊಟದಲ್ಲೇ ಏನಾಯಿತು ಅಂತ ನಾನು ಹೇಳಬೇಕಾಗಿಲ್ಲ. ಉಪ್ಪು-ರೊಟ್ಟಿ ಕೊಟ್ಟು (ಅಲ್ಲಿ ಅದು ಅತಿಥಿಯ ಪ್ರಾಣಕ್ಕೆ ಅಭಯ) ಕರೆದ ರಾಬ್‌ನನ್ನು, ಅವನ ತಾಯಿಯನ್ನು ಕೊಂದ ಫ್ರೇ ಪರವಾಗಿ ನಾನಿಲ್ಲ. ಆದರೆ ‘ಪಾಪ, ಪ್ರೀತಿಸಿ ಕೆಟ್ಟ’ ಅಂತ ರಾಬ್‌ಗಾಗಿ ಅಳುವವರ ಪರವಾಗಿಯೂ ಇಲ್ಲ.

‘ಮಾಮ, ನೀವು ಕಥೆ ಓದ್ತಿದೀರೋ ರಸೀದಿ ಪುಸ್ತಕ ಓದ್ತಿದೀರೋ?’ ಅಂದಳು ಹುಡುಗಿ.

ರಸೀದಿ ಪುಸ್ತಕವೇ ಸೈ. ಅದಕ್ಕೇ ಅದೇ ಲೋಕದ ಹಿಂದಿನ ತಲೆಮಾರಿನ ಕಥೆ ನನಗೆ ಹೆಚ್ಚು ಹಿಡಿಸಿತು. ಐದನೆಯ ಏಗಾನ್ ಅಂತ ರಾಜ. ಹಿರಿಮಗ ಡಂಕನ್‌ಗೆ ಲಯೊನೆಲ್ ಬರಾಥಿಯನ್ ಎಂಬ ದೊಡ್ಡ ಪಾಳೇಗಾರನ ಮಗಳ ಜೊತೆ ಗೊತ್ತಾಗಿತ್ತು. ಅವನು ಜೆನ್ನಿ ಎಂಬ ದಿಕ್ಕುದೆಸೆಯಿಲ್ಲದ ಹುಡುಗಿಯನ್ನು ಮದುವೆಯಾಗಿ, ಅವಳಿಗಾಗಿ ಪಟ್ಟವನ್ನೇ ಬಿಟ್ಟ. ಲಯೊನೆಲ್ ದಂಗೆಯೆದ್ದು ತಾನೇ ರಾಜನೆಂದು ಸಾರಿದ. ದ್ವಂದ್ವ ಯುದ್ಧದಲ್ಲಿ ಸೋತ ಮೇಲೆ ರಾಜಿ: ರಾಜ ತನ್ನ ಕಿರಿಮಗಳು ರೇಲ್‌ಳನ್ನು ಅವರ ಮನೆಗೆ ಕಳಿಸಿದ, ಮೊದಲು ಪಾನದ ಬಟ್ಟಲು ಹಿಡಿಯುವ ಹುಡುಗಿಯಾಗಿ, ಆಮೇಲೆ ಸೊಸೆಯಾಗಿ. ಆ ರೇಲ್‌ಳ ಮೊಮ್ಮಗನೇ ರಾಬರ್ಟ್. ಮುಂದೆ ದಂಗೆಯೆದ್ದು ಸಿಂಹಾಸನ ಕಿತ್ತುಕೊಂಡಾಗ ಅವನಿಗೆ ಹಕ್ಕು ಬಂದದ್ದು ಈ ಅಜ್ಜಿಯ ರಕ್ತದಿಂದ. ಮುರಿದ ಮಾತಿಗೆ ಕೊಟ್ಟ ಪರಿಹಾರವೇ ಕೊಟ್ಟವರ ವಂಶಕ್ಕೆ ಮುಳುವಾಯಿತು. ಇಷ್ಟೆಲ್ಲ ಆಗಿ, ಡಂಕನ್ ಕೈಬಿಟ್ಟ ಆ ಹುಡುಗಿಯ ಹೆಸರನ್ನೇ ಮಾರ್ಟಿನ್ ಬರೆದಿಲ್ಲ!

ಇದು ಬರೀ ಕಟ್ಟುಕಥೆ ಅನ್ನಿಸಿದರೆ ಬಿಜಾಪುರದ ಕಡೆ ನೋಡಿ. 1520ರ ದಶಕದಲ್ಲಿ ಆದಿಲಶಾಹಿ ಹೆಣ್ಣನ್ನು ಅಹಮದ್‌ನಗರದ ಬುರ್ಹಾನ್ ನಿಜಾಮ್ ಶಾಹ್‌ಗೆ ಕೊಟ್ಟಾಗ ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬರುತ್ತದೆ ಅಂತ ಮಾತಾಗಿತ್ತು ಎಂದು ಗಂಡಿನ ಕಡೆಯವರು. ಅಂಥ ಮಾತೇ ಆಗಿಲ್ಲ ಎಂದು ಹೆಣ್ಣಿನ ಕಡೆಯವರು. ಈ ಜಗಳ ನಾನೂ ಕೇಳಿದ್ದೇನೆ, ಕೋಟೆಯ ಜಾಗದಲ್ಲಿ ಸೈಟು. ಸೊಲ್ಲಾಪುರಕ್ಕಾಗಿ ಎರಡು ಮನೆಗಳು ದಶಕಗಟ್ಟಲೆ ಹೊಡೆದಾಡಿದವು. ಕೊನೆಗೆ ತೀರ್ಮಾನವಾದದ್ದೂ ಕೊಟ್ಟು-ತರುವ ಸಂಬಂಧದಲ್ಲೇ: ಅಹಮದ್‌ನಗರದ ಚಾಂದ್ ಬೀಬಿ ಸೊಲ್ಲಾಪುರದ ಸಮೇತ ಅಲಿ ಆದಿಲ್ ಶಾಹ್‌ನ ಮನೆ ತುಂಬಿದಳು, ಅಲಿಯ ತಂಗಿ ಅಹಮದ್‌ನಗರಕ್ಕೆ ಹೋದಳು. ಬೀಗರು ಒಂದಾದರು. 1565ರ ಜನವರಿಯಲ್ಲಿ ತಾಳಿಕೋಟೆ. ಆ ಮದುವೆಗಳಲ್ಲಿ ಹೆಣ್ಣನ್ನೂ ಕೊಡದ, ಗಂಡನ್ನೂ ತರದ ವಿಜಯನಗರ ಹಾಳಾಯಿತು.

ಏಗಾನ್ ರಾಜನ ಕಥೆಯಲ್ಲೂ ಹೀಗೆ ಹೊರಗಿನವರಿದ್ದಾರೆ. ಅವನು ಚಿಕ್ಕಂದಿನಲ್ಲಿ ವೇಷ ಮರೆಸಿ ಊರೂರು ಅಲೆದವನು, ರೈತಾಪಿ ಜನರಿಗೆ ಹಕ್ಕು ಕೊಡುವ ಕಾನೂನು ತರಲು ಹೊರಟಿದ್ದ. ಪಾಳೇಗಾರರಿಗೆ ಅದು ಸಹಿಸದು. ಅವರನ್ನು ಒಲಿಸಿಕೊಳ್ಳಲೆಂದೇ ಮಕ್ಕಳಿಗೆ ನಾಲ್ಕು ದೊಡ್ಡ ಮನೆಗಳಲ್ಲಿ ಸಂಬಂಧ ಗೊತ್ತು ಮಾಡಿದ್ದ. ಡಂಕನ್ ಮೇಲ್ಪಂಕ್ತಿ ಹಾಕಿಕೊಟ್ಟ. ತಮ್ಮಂದಿರು, ತಂಗಿ ಅವರವರ ಇಷ್ಟದಂತೆ ನಡೆದರು, ನಾಲ್ಕೂ ಮುರಿದವು. ಬೆಂಬಲವಿಲ್ಲದ ರಾಜ ಒಂದೊಂದು ಕಾನೂನಿಗೂ ಪಾಳೇಗಾರರ ಜೊತೆ ಗುದ್ದಾಡಿ, ಡ್ರ್ಯಾಗನ್ ಇದ್ದಿದ್ದರೆ ಇವರು ಬಗ್ಗುತ್ತಿದ್ದರು ಎಂಬ ಹುಚ್ಚು ಹತ್ತಿಸಿಕೊಂಡು, ಸಮ್ಮರ್‌ಹಾಲ್ ಅರಮನೆಯ ಬೆಂಕಿಯಲ್ಲಿ ಡಂಕನ್ ಜೊತೆಗೇ ಸತ್ತ. ಕಾನೂನುಗಳಲ್ಲಿ ಉಳಿದಿದ್ದನ್ನು ಮುಂದೆ ಮಂತ್ರಿಯಾದ ಟೈವಿನ್ ಲ್ಯಾನಿಸ್ಟರ್ ರದ್ದು ಮಾಡಿದ.

ಲಯೊನೆಲ್‌ಗೆ ರಾಜಕುಮಾರಿ ಸಿಕ್ಕಳು. ರೈತರಿಗೆ ಯಾರು ಏನು ಕಟ್ಟಿಕೊಟ್ಟರು ಅಂತ ಹುಡುಗಿಯನ್ನು ಕೇಳಿದೆ. ‘ಮಾಮ, ಡಂಕನ್ ಬಗ್ಗೆ ಒಂದೇ ಒಂದು ಒಳ್ಳೇ ಮಾತು ಆಡಿ’ ಅಂದಳು. ಅದನ್ನು ಜೆನ್ನಿ ಆಡಲಿ ಅಂದೆ.