ಡಿಎಲ್‌ಎಲ್ ಇಲ್ಲ ಅಂದರೆ ಒಂದು, ಎಂಟ್ರಿ ಪಾಯಿಂಟ್ ಇಲ್ಲ ಅಂದರೆ ಇನ್ನೊಂದು

11 ಫೆಬ್ರುವರಿ 2025, ಮಂಗಳವಾರ

ಇವತ್ತಿನ ಯಂತ್ರ ವಿಂಡೋಸ್ 7, 64 ಬಿಟ್. ಐಕಾನ್ ಒತ್ತಿದರೆ ತಂತ್ರಾಂಶ ತೆರೆಯುವುದಿಲ್ಲ, ಒಂದು ಪುಟ್ಟ ಪೆಟ್ಟಿಗೆ ಬರುತ್ತದೆ: ಎಪಿಐ-ಎಂಎಸ್-ವಿನ್-ಸಿಆರ್‌ಟಿ-ರನ್‌ಟೈಮ್-ಎಲ್1-1-0.ಡಿಎಲ್‌ಎಲ್ ಕಾಣೆಯಾಗಿದೆ. ಡಿಎಲ್‌ಎಲ್ ಅಂದರೆ ತಂತ್ರಾಂಶಗಳು ಹಂಚಿಕೊಂಡು ಬಳಸುವ ಕೋಡಿನ ಫೈಲ್. ಅಷ್ಟರಲ್ಲಾಗಲೇ ತಂತ್ರಾಂಶವನ್ನು ಮೂರು ಸಲ ಕಿತ್ತು ಮೂರು ಸಲ ಹಾಕಿಯಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಕಾಣೆಯಾದ ಫೈಲ್ ತಂತ್ರಾಂಶದ್ದಲ್ಲ, ವಿಂಡೋಸಿನದು.

ಮೊದಲ ಕೆಲಸ ವಿನ್‌ವರ್. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ ಹಾಗೆಂದು ಟೈಪ್ ಮಾಡಿದರೆ ಬಿಲ್ಡ್ ಸಂಖ್ಯೆ ಕಾಣುತ್ತದೆ. 7601 ಇರಬೇಕಾದ ಕಡೆ 7600 ಇತ್ತು, ಅಂದರೆ ಸರ್ವಿಸ್ ಪ್ಯಾಕ್ 1 (ಅಪ್‌ಡೇಟುಗಳ ದೊಡ್ಡ ಕಟ್ಟು) ಬಿದ್ದೇ ಇಲ್ಲ.

ಮೈಕ್ರೋಸಾಫ್ಟಿನ ತಂತ್ರಾಂಶ ಕಟ್ಟುವ ಸಾಧನವಾದ ವಿಷುಯಲ್ ಸ್ಟುಡಿಯೋ 2015ರಿಂದ ಸಿ ರನ್‌ಟೈಮಿನ (ಸಿ, ಸಿ++ ತಂತ್ರಾಂಶಗಳು ಓಡಲು ಬೇಕಾದ ಮೂಲ ಕೋಡ್) ದೊಡ್ಡ ಪಾಲು ವಿಂಡೋಸಿನೊಳಗೇ ಸೇರಿಹೋಗಿದೆ. ವಿಂಡೋಸ್ 10ರಲ್ಲಿ ಅದು ಹುಟ್ಟಿನಿಂದಲೇ ಇದೆ. 7ಕ್ಕೆ ಕೆಬಿ2999226 ಎಂಬ ಅಪ್‌ಡೇಟ್ ಮೂಲಕ ಬರುತ್ತದೆ, ಆದರೆ ಸರ್ವಿಸ್ ಪ್ಯಾಕ್ ಇಲ್ಲದಿದ್ದರೆ ಅದು ಕೂರುವುದಿಲ್ಲ. ವಿಷುಯಲ್ ಸಿ++ 2015 ರೀಡಿಸ್ಟ್ರಿಬ್ಯೂಟಬಲ್ (ಈ ರನ್‌ಟೈಮ್ ಹಾಕುವ ಪ್ಯಾಕೇಜ್) ನೇರವಾಗಿ ಹಾಕಲು ಹೋದರೆ 0ಎಕ್ಸ್80240017 ಎಂದು ಮುಗ್ಗರಿಸುತ್ತದೆ. ಪಕ್ಕದಲ್ಲಿ 'ಅನಿರ್ದಿಷ್ಟ ದೋಷ' ಎಂಬ ವಿವರಣೆ! ಹೇಳದೇ ಇದ್ದರೂ ನಡೆಯುತ್ತಿತ್ತು.

ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ. ಮೊದಲು ಸರ್ವಿಸ್ ಪ್ಯಾಕ್ 1, ಅಂದರೆ ಕೆಬಿ976932. 64 ಬಿಟ್ ಫೈಲ್ 900 ಎಂಬಿ ಮೀರುತ್ತದೆ, ಡಿಸ್ಕಿನಲ್ಲಿ 7.4 ಜಿಬಿ ಖಾಲಿ ಜಾಗ ಕೇಳುತ್ತದೆ. ಆಮೇಲೆ ಕೆಬಿ4490628, ಅದರ ಹಿಂದೆ ಕೆಬಿ4474419. ಈ ಜೋಡಿ ಇಲ್ಲದಿದ್ದರೆ ಶಾ-2 ಸಹಿಯಷ್ಟೇ (ಫೈಲ್ ಅಸಲಿ ಎಂದು ತೋರಿಸುವ ಡಿಜಿಟಲ್ ಸಹಿಯ ಒಂದು ಬಗೆ) ಇರುವ ಹೊಸ ಅಪ್‌ಡೇಟುಗಳನ್ನು ವಿಂಡೋಸ್ 7 ನಂಬುವುದಿಲ್ಲ. ಯುಎಸ್‌ಬಿ ಡಾಂಗಲ್ (ಲೈಸೆನ್ಸ್ ಇರುವ ಪುಟ್ಟ ಸಾಧನ) ಬೇಡುವ ತಂತ್ರಾಂಶವಾದರೆ ಡಿವೈಸ್ ಮ್ಯಾನೇಜರಿನಲ್ಲಿ ಕೋಡ್ 52 (ಡ್ರೈವರಿನ ಸಹಿ ಒಪ್ಪಿಗೆಯಾಗಿಲ್ಲ) ಕಾಣುವುದಕ್ಕೂ ಹೆಚ್ಚಾಗಿ ಇದೇ ಕಾರಣ. ಇಷ್ಟಾದ ಮೇಲೆ ಕೆಬಿ2999226, ಕೊನೆಗೆ ರೀಡಿಸ್ಟ್ರಿಬ್ಯೂಟಬಲ್, ಎಕ್ಸ್86 (32 ಬಿಟ್) ಮತ್ತು ಎಕ್ಸ್64 (64 ಬಿಟ್) ಎರಡೂ. ಯಂತ್ರ 64 ಬಿಟ್ ಆದರೂ ತಂತ್ರಾಂಶ 32 ಬಿಟ್ ಆಗಿದ್ದರೆ ಅದಕ್ಕೆ ಬೇಕಾದದ್ದು ಎಕ್ಸ್86. ಬಹಳ ಜನ ಎಡವುವುದು ಇಲ್ಲೇ. ಪ್ರತಿ ಹಂತಕ್ಕೂ ರೀಸ್ಟಾರ್ಟ್ ಮಾಡಿ, ಬೇಸರ ಬೇಡ.

ಬಿಡಿ ಡಿಎಲ್‌ಎಲ್ ಹಂಚುವ ತಾಣಗಳಿಂದ ಆ ಒಂದು ಫೈಲ್ ತಂದು ಸಿಸ್ಟಮ್32ಕ್ಕೆ ಎಸೆಯುವ ಅಡ್ಡದಾರಿ ಬೇಡವೇ ಬೇಡ. ವೈರಸ್ಸಿನ ಮಾತು ಒತ್ತಟ್ಟಿಗಿರಲಿ, 64 ಬಿಟ್ ವಿಂಡೋಸಿನಲ್ಲಿ ಸಿಸ್ಟಮ್32 ಫೋಲ್ಡರಿನೊಳಗೆ ಇರುವುದು 64 ಬಿಟ್ ಫೈಲುಗಳು, 32ರವು ಸಿಸ್‌ವಾವ್64ರಲ್ಲಿ. ಹೆಸರು ನೋಡಿ ಹಾಕಿದವರಿಗೆ ಸಿಗುವ ಬಹುಮಾನ, 32 ಮತ್ತು 64 ಬಿಟ್ ಫೈಲ್ ಬೆರೆತಾಗಿನ ದೋಷ, 0ಎಕ್ಸ್‌ಸಿ000007ಬಿ.

ಮಧ್ಯಾಹ್ನ ಪೆಟ್ಟಿಗೆ ಬದಲಾಯಿತು: ಗೆಟ್‌ಸಿಸ್ಟಮ್‌ಟೈಮ್‌ಪ್ರಿಸೈಸ್‌ಆ್ಯಸ್‌ಫೈಲ್‌ಟೈಮ್ ಎಂಬ ಪ್ರೊಸೀಜರ್ ಎಂಟ್ರಿ ಪಾಯಿಂಟ್ ಕರ್ನಲ್32.ಡಿಎಲ್‌ಎಲ್‌ನಲ್ಲಿ ಸಿಗಲಿಲ್ಲ. ನೋಡಲು ಹಿಂದಿನ ಪೆಟ್ಟಿಗೆಯ ತಮ್ಮನಂತಿದೆ, ರೋಗ ಮಾತ್ರ ಬೇರೆ. ಇಲ್ಲಿ ಫೈಲ್ ಇದೆ, ಅದರೊಳಗೆ ಆ ಹೆಸರಿನ ಫಂಕ್ಷನ್, ಅಂದರೆ ತಂತ್ರಾಂಶ ಕರೆಯುವ ಕೋಡಿನ ತುಣುಕು, ಇಲ್ಲ. ಆ ಫಂಕ್ಷನ್ ಬಂದದ್ದೇ ವಿಂಡೋಸ್ 8ರಲ್ಲಿ. ತಂತ್ರಾಂಶದ ಒಂದು ಸಾಲೂ ಓಡುವ ಮೊದಲು ವಿಂಡೋಸಿನ ಲೋಡರ್ ಅದರ ಇಂಪೋರ್ಟ್ ಪಟ್ಟಿಯನ್ನು (ಬೇಕಾದ ಫಂಕ್ಷನ್‌ಗಳ ಪಟ್ಟಿ) ಹೆಸರು ಹೆಸರಾಗಿ ಹುಡುಕುತ್ತದೆ. ಒಂದು ಸಿಗದಿದ್ದರೂ ಅಲ್ಲೇ ನಿಲ್ಲಿಸುತ್ತದೆ. ತಂತ್ರಾಂಶದ ಲಾಗ್ ಫೈಲ್ ಖಾಲಿ ಇರುವುದು ಅದಕ್ಕೇ. ಓಡದೇ ಇದ್ದದ್ದು ಏನನ್ನು ತಾನೇ ಬರೆದೀತು?

ಇದಕ್ಕೆ ಅಪ್‌ಡೇಟ್ ಇಲ್ಲ. ಕಂಪ್ಯಾಟಿಬಿಲಿಟಿ ಮೋಡ್ ಕೂಡ ಕೆಲಸಕ್ಕೆ ಬಾರದು. ಅದು ಹಳೆಯ ತಂತ್ರಾಂಶ ಹೊಸ ವಿಂಡೋಸಿನಲ್ಲಿ ಓಡಲೆಂದು ಆವೃತ್ತಿ ಸಂಖ್ಯೆಯ ಬಗ್ಗೆ ಸುಳ್ಳು ಹೇಳುತ್ತದೆ, ಇಲ್ಲದ ಫಂಕ್ಷನ್ ಹುಟ್ಟಿಸುವುದಿಲ್ಲ. ವಿಂಡೋಸ್ 10ರ ಕರ್ನಲ್32 ತಂದು ಮೇಲೆ ಹಾಕುವ ಯೋಚನೆ ಬಂದರೆ, ಯಂತ್ರ ಮತ್ತೆ ಬೂಟ್ ಆಗಬೇಕೆಂಬ ಆಸೆಯನ್ನೂ ಬಿಡಬೇಕು. ಇರುವ ದಾರಿ ಒಂದೇ: ಈ ವಿಂಡೋಸಿಗೆ ಬೆಂಬಲವಿದ್ದ ಕೊನೆಯ ಆವೃತ್ತಿ ಹುಡುಕುವುದು. ವಿಂಡೋಸ್ 7ಕ್ಕೆ ಪೈಥಾನ್ 3.8, ಕ್ರೋಮ್ 109, ಫೈರ್‌ಫಾಕ್ಸ್ 115 ಇಎಸ್‌ಆರ್. ಪೈಥಾನ್ 3.9 ಹಾಕಿದರೆ ಎಪಿಐ-ಎಂಎಸ್-ವಿನ್-ಕೋರ್-ಪಾತ್-ಎಲ್1-1-0.ಡಿಎಲ್‌ಎಲ್ ಇಲ್ಲ ಎನ್ನುತ್ತದೆ. ಈ ಸಲ ಡಿಎಲ್‌ಎಲ್ ಹೆಸರೇ ಬಂದರೂ ಮೋಸಹೋಗಬಾರದು: 'ಸಿಆರ್‌ಟಿ' ಇದ್ದರೆ ರನ್‌ಟೈಮಿನಿಂದ ಸರಿಹೋಗುತ್ತದೆ, 'ಕೋರ್' ಇದ್ದರೆ ಬಹುಪಾಲು ಹೊಸ ವಿಂಡೋಸನ್ನೇ ಕೇಳುತ್ತಿದೆ ಎಂದರ್ಥ.

ಎಕ್ಸ್‌ಪಿಯಲ್ಲಿ ಹಾಡು ಬೇರೆ: 'ಮಾನ್ಯ ವಿನ್32 ಅಪ್ಲಿಕೇಶನ್ ಅಲ್ಲ'. ಇಎಕ್ಸ್‌ಇ 64 ಬಿಟ್ ಇರಬಹುದು, ಇಲ್ಲವೇ ಅದರ ಹೆಡರಿನಲ್ಲಿ ಸಬ್‌ಸಿಸ್ಟಮ್ ಆವೃತ್ತಿ (ಬೇಕಾದ ಕನಿಷ್ಠ ವಿಂಡೋಸ್) 6.0 ಎಂದಿರಬಹುದು. 32 ಬಿಟ್ ಎಕ್ಸ್‌ಪಿಯ ಆವೃತ್ತಿ 5.1, ಅದಕ್ಕಿಂತ ಹೆಚ್ಚು ಬೇಡಿದ್ದನ್ನು ಓಡಿಸದು. ಹೆಕ್ಸ್ ಎಡಿಟರಿನಲ್ಲಿ ಆ ಅಂಕಿ ತಿದ್ದಿದರೆ ಬಾಗಿಲೇನೋ ದಾಟುತ್ತದೆ, ಆದರೆ ಒಳಗೆ ಎಂಟ್ರಿ ಪಾಯಿಂಟ್ ಕಾದು ಕುಳಿತಿರುತ್ತದೆ.

ಪೆಟ್ಟಿಗೆಯೇ ಬಾರದೆ ತಂತ್ರಾಂಶ ಸದ್ದಿಲ್ಲದೆ ಮಾಯವಾದರೆ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್, ಅಪ್ಲಿಕೇಶನ್, ಐಡಿ 1000 ನೋಡಿ. ಎಕ್ಸೆಪ್ಶನ್ ಕೋಡ್ 0ಎಕ್ಸ್‌ಸಿ000001ಡಿ ಇದ್ದರೆ ಪ್ರೊಸೆಸರಿಗೆ ಗೊತ್ತಿಲ್ಲದ ಸೂಚನೆ. ಪ್ರೊಸೆಸರ್ ಎವಿಎಕ್ಸ್ ಎಂಬ ಸೂಚನೆಗಳ ಗುಂಪನ್ನು ಬಲ್ಲದ್ದಾದರೂ ಸರ್ವಿಸ್ ಪ್ಯಾಕ್ 1 ಇಲ್ಲದ ವಿಂಡೋಸ್ 7 ಅದನ್ನು ಬಳಸಲು ಬಿಡುವುದಿಲ್ಲ.

ಸಂಜೆ ಹಳೆಯ ಆವೃತ್ತಿ ತೆರೆಯಿತು, ಲೈಸೆನ್ಸ್ ಪರೀಕ್ಷೆಯಲ್ಲಿ ನಿಂತಿತು. ಮೊದಲು ಗಡಿಯಾರ: ಮದರ್‌ಬೋರ್ಡಿನ ಬ್ಯಾಟರಿ ಸತ್ತು ದಿನಾಂಕ ಹಿಂದೆ ಹೋಗಿದ್ದರೆ ಯಾವ ಸರ್ಟಿಫಿಕೇಟೂ ಒಪ್ಪಿಗೆಯಾಗದು. ದಿನಾಂಕ ಸರಿಯೇ ಇತ್ತು. ಉಳಿದದ್ದು ಟಿಎಲ್‌ಎಸ್ 1.2, ಅಂದರೆ ಸರ್ವರಿನೊಡನೆ ಸುರಕ್ಷಿತವಾಗಿ ಮಾತಾಡುವ ವಿಧಾನ. ಕೆಬಿ3140245 ಹಾಕಿ, ರಿಜಿಸ್ಟ್ರಿಯ ಇಂಟರ್ನೆಟ್ ಸೆಟ್ಟಿಂಗ್ಸ್ ಕೆಳಗಿನ ವಿನ್‌ಎಚ್‌ಟಿಟಿಪಿ ಕೀಯಲ್ಲಿ ಡಿಫಾಲ್ಟ್‌ಸೆಕ್ಯೂರ್‌ಪ್ರೋಟೋಕಾಲ್ಸ್ ಹೆಸರಿನ ಡಿವರ್ಡ್‌ಗೆ ಹೆಕ್ಸ್ ಎ00 ಕೊಡಬೇಕು. ತಂತ್ರಾಂಶ 32 ಬಿಟ್ ಆದ್ದರಿಂದ ವಾವ್6432ನೋಡ್ ಕೆಳಗೂ ಅದೇ ಮೌಲ್ಯ. ರೀಸ್ಟಾರ್ಟ್ ಆದ ಮೇಲೆ ತೆರೆದುಕೊಂಡಿತು. ಆಟೋ ಅಪ್‌ಡೇಟ್ ಆಯ್ಕೆ ಕೂಡಲೇ ತೆಗೆದಾಯಿತು, ಇಲ್ಲದಿದ್ದರೆ ರಾತ್ರೋರಾತ್ರಿ ಹೊಸ ಆವೃತ್ತಿ ಇಳಿದು ನಾಳೆ ಮತ್ತದೇ ಎಂಟ್ರಿ ಪಾಯಿಂಟ್ ಪೆಟ್ಟಿಗೆ.