ಗೀಸರ್ ಕೆಟ್ಟಾಗ ನೆನಪಾದ ಬಚ್ಚಲುಮನೆ

ಹೋದ ವಾರ ನಮ್ಮ ಗೀಸರ್ ಕೆಟ್ಟಿತು. ನಾಲ್ಕು ದಿನ ಗ್ಯಾಸ್ ಮೇಲೆ ಪಾತ್ರೆ ಇಟ್ಟು ನೀರು ಕಾಯಿಸಿಕೊಂಡು, ಅದನ್ನು ಬಟ್ಟೆಯಲ್ಲಿ ಹಿಡಿದು ಬಾತ್‌ರೂಮಿಗೆ ಸಾಗಿಸಿ ಸ್ನಾನ ಮಾಡಿದ್ದಾಯಿತು. ಆಗ ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆ ಬಚ್ಚಲು ಬಹಳ ನೆನಪಾಯಿತು.

ಆ ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಜಾಗ ಅಂದರೆ ಅದೇ. ಒಂದು ಮೂಲೆಯಲ್ಲಿ ಒಲೆಗೆ ಕೂರಿಸಿದ ದೊಡ್ಡ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿಗೆ ಕಲ್ಲು ಮರಿಗೆ. ಗುಡ್ಡದ ಅಬ್ಬಿ, ಅಂದರೆ ಝರಿಯ ನೀರು, ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಹರಿದು ಬಂದು ಹಗಲೂ ರಾತ್ರಿ ಆ ಮರಿಗೆಗೆ ಬೀಳುತ್ತಿತ್ತು. ಒಲೆಗೆ ಅಡಿಕೆ ಸಿಪ್ಪೆ, ಹಾಳೆ, ಸೋಗೆ, ಏನು ಸಿಕ್ಕರೆ ಅದು. ಮಳೆಗಾಲದಲ್ಲಿ ಒದ್ದೆ ಬಟ್ಟೆ ಒಣಗುತ್ತಿದ್ದುದೂ ಅಲ್ಲೇ, ಬೆಕ್ಕು ಮಲಗುತ್ತಿದ್ದುದೂ ಅಲ್ಲೇ, ಬೂದಿ ಮೇಲೆ. ಯಾರೇ ನೆಂಟರು ಬರಲಿ, ಕಾಫಿಗೂ ಮೊದಲು 'ಬಿಸಿನೀರಿದೆ, ಸ್ನಾನ ಮುಗಿಸಿ ಬನ್ನಿ' ಅನ್ನುತ್ತಿದ್ದರು.

ಆದರೆ ನಿಜವಾದ ಸ್ನಾನ ಅಂದರೆ ಶನಿವಾರದ ಎಣ್ಣೆಸ್ನಾನ. ಗಂಡಸರಿಗೆ ಬುಧವಾರ, ಶನಿವಾರ. ಹೆಂಗಸರಿಗೆ ಮಂಗಳವಾರ, ಶುಕ್ರವಾರ. ಅಜ್ಜಿ ನಮ್ಮನ್ನು ಮಣೆ ಮೇಲೆ ಕೂರಿಸಿ, ಅಂಗೈ ಗುಳಿಯಲ್ಲಿ ಹರಳೆಣ್ಣೆ ತುಂಬಿ ನೆತ್ತಿಗೆ ತಟ್ಟುತ್ತಿದ್ದರು, ಪಟ್ ಪಟ್ ಅಂತ, ಕಿವಿಯಲ್ಲಿ ಸದ್ದು ಕೇಳುವ ಹಾಗೆ. ಆಮೇಲೆ ಸೀಗೆಪುಡಿ, ಅನ್ನದ ಗಂಜಿಯಲ್ಲಿ ಕಲಸಿದ್ದು. ಸೋಪಿನಷ್ಟು ನೊರೆ ಬರುವುದಿಲ್ಲ, ಎಣ್ಣೆಯನ್ನೂ ಪೂರ್ತಿ ತೆಗೆಯುವುದಿಲ್ಲ, ಅದಕ್ಕೇ ಚರ್ಮ ಒಡೆಯುತ್ತಿರಲಿಲ್ಲ ಅನ್ನಿಸುತ್ತದೆ. ಕಣ್ಣಿಗೆ ಹೋದರೆ ಮಾತ್ರ ಕಥೆ ಮುಗಿಯಿತು! ದಾಸವಾಳದ ಸೊಪ್ಪಿನ ಲೋಳೆ ಹಾಕುವ ದಿನ ನಮಗೆ ಹಬ್ಬ, ಅದು ಉರಿಯುವುದಿಲ್ಲವಲ್ಲ.

ಈ ಎಣ್ಣೆ ಹುಚ್ಚು ಹಳೆಯದು. 12ನೇ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸ ಎಂಬ ತನ್ನ ಸಂಸ್ಕೃತ ಗ್ರಂಥದಲ್ಲಿ ರಾಜನ ಭೋಗಗಳನ್ನು ಹೇಳುವಾಗ ಸ್ನಾನಕ್ಕೇ ಒಂದು ಭಾಗ ಇಟ್ಟಿದ್ದಾನೆ. ಇನ್ನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿದ್ದು ನೋಡಿ: ಕೃಷ್ಣದೇವರಾಯ ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈತುಂಬ ಅದನ್ನೇ ಹಚ್ಚಿಕೊಂಡು, ಮಣ್ಣಿನ ಭಾರ ಎತ್ತಿ, ಕತ್ತಿ ತಿರುಗಿಸಿ, ಎಣ್ಣೆಯೆಲ್ಲ ಬೆವರಾಗಿ ಹೋಗುವ ತನಕ ಬಿಡುತ್ತಿರಲಿಲ್ಲವಂತೆ. ಆಮೇಲೆ ಕುಸ್ತಿ, ಕುದುರೆ ಸವಾರಿ, ಕೊನೆಗೆ ಸ್ನಾನ. ನಾನು ಜಿಮ್‌ನಿಂದ ಬಂದು ಎರಡು ಚೊಂಬು ಸುರಿದುಕೊಳ್ಳುವುದು ಅದರ ಮುಂದೆ ಏನೂ ಅಲ್ಲ ಬಿಡಿ.

ಹಲ್ಲಿನ ವಿಷಯ ಸುಲಭ. ಅಜ್ಜನಿಗೆ ಇದ್ದಿಲು, ಉಪ್ಪು. ನಮಗೆ ನಂಜನಗೂಡಿನ ಗುಲಾಬಿ ಬಣ್ಣದ ಹಲ್ಲುಪುಡಿ, ಅದರಲ್ಲಿ ಅರ್ಧ ಹೊಟ್ಟೆಗೇ ಹೋಗುತ್ತಿತ್ತು.

'ಹಿಂದಿನವರು ಎಷ್ಟು ಶುಚಿಯಾಗಿದ್ದರು' ಅಂತ ವಾಟ್ಸಾಪಿನಲ್ಲಿ ದಿನಾ ಒಂದು ಮೆಸೇಜ್ ಬರುತ್ತದೆ. ಓದಿದಾಗ ನನಗೆ ಸ್ವಲ್ಪ ಕಿರಿಕಿರಿ. ಹಿಂದಿನವರು ಅಂದರೆ ಯಾರು? ನಮ್ಮಲ್ಲಿ ಗುಡ್ಡದ ನೀರಿತ್ತು, ತೋಟದ ಸೌದೆ ಇತ್ತು, ಅದಕ್ಕೇ ದಿನಾ ಬಿಸಿನೀರು. ಆ ಸೌದೆ ಒಡೆದು ಕೊಡುತ್ತಿದ್ದವರು ಹಳ್ಳದ ತಣ್ಣೀರಿನಲ್ಲೇ ಮೈ ತೊಳೆದುಕೊಂಡು ಮನೆಗೆ ಹೋಗುತ್ತಿದ್ದರು. ನಮ್ಮ ಬಚ್ಚಲಿನ ಒಳಗೆ ಅವರು ಕಾಲಿಟ್ಟಿದ್ದು ನಾನಂತೂ ನೋಡಿಲ್ಲ. ಬಯಲುಸೀಮೆಯಲ್ಲಿ ಬೇಸಿಗೆ ಬಂದರೆ ಕುಡಿಯುವ ನೀರನ್ನೇ ಕೊಡಗಳ ಲೆಕ್ಕದಲ್ಲಿ ಹೊರಬೇಕು, ಅಲ್ಲಿ ದಿನಾ ತಲೆಸ್ನಾನ ಎಲ್ಲಿಂದ ಬರಬೇಕು? ಅಷ್ಟೇಕೆ, ಎಲ್ಲರ ಬೆನ್ನು ಉಜ್ಜಿದ ನಮ್ಮ ಅಜ್ಜಿಯ ಸರದಿ ಬರುವಾಗ ಒಲೆ ಆರಿ, ಹಂಡೆಯಲ್ಲಿ ಉಗುರು ಬೆಚ್ಚಗಿನ ನೀರಷ್ಟೇ ಉಳಿದಿರುತ್ತಿತ್ತು. ಅವರ ಬೆನ್ನು ಯಾರು ಉಜ್ಜುತ್ತಿದ್ದರೋ, ನಾವು ಕೇಳಲೇ ಇಲ್ಲ.

ಗೀಸರ್ ನಿನ್ನೆ ಸರಿಯಾಯಿತು. ಆದರೂ ಈ ಶನಿವಾರ ಮಗನಿಗೆ ಎಣ್ಣೆ ಹಚ್ಚಬೇಕು ಅಂತ ಹರಳೆಣ್ಣೆ, ಸೀಗೆಪುಡಿ ಎರಡನ್ನೂ ತಂದಿಟ್ಟಿದ್ದೇನೆ. ಎಣ್ಣೆಗೆ ಹೂಂ ಅಂದಿದ್ದಾನೆ. ಸೀಗೆಪುಡಿ ಡಬ್ಬ ಮೂಸಿ ನೋಡಿ, 'ಶಾಂಪೂನೇ ಹಾಕು' ಅಂತ ಷರತ್ತು.